ಮಗನಿಗೆ ಐಕ್ಯೂ ಟೆಸ್ಟ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಜಲನಗರದ ಅಪ್ಪ, ವಿಜಯಪುರ: ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಓದಿನಲ್ಲಿ ಹಿಂದೆ ಬಿದ್ದಿದ್ದಾನೆ, ಐಕ್ಯೂ ನೋಡಿಸಿ ಅಂದರು ಟೀಚರ್. ಎಲ್ಲಿ ಮಾಡಿಸಲಿ? ಎಷ್ಟು ಖರ್ಚು?

ನವನಗರ, ಬಾಗಲಕೋಟೆ: ನಾನು ಮೊದಲು ಬೆರಳಚ್ಚು ನೋಡಿ ಬುದ್ಧಿ ಹೇಳುವ ಟೆಸ್ಟ್‌ಗೆ ₹6,500 ಸುರಿದೆ. ಹತ್ತೂ ಬೆರಳು ಒತ್ತಿಸಿಕೊಂಡು ಒಂದು ಬಣ್ಣದ ಪುಸ್ತಕ ಕೊಟ್ಟರು. ಮಗಳಿಗೆ ಸಂಗೀತದ ಬುದ್ಧಿ ಜಾಸ್ತಿಯಂತೆ. ಅವಳು ಹಾಡಿದರೆ ಮನೆ ನಾಯಿ ಎದ್ದು ಹೋಗುತ್ತದೆ. ಆಮೇಲೆ ಸೈಕಾಲಜಿಸ್ಟ್. ಫೀ 1,800, ರಿಪೋರ್ಟಿಗೆ ಬೇರೆ 400, ಎರಡು ದಿನ ಅಂಗಡಿ ಬಂದ್. ಇಂಗ್ಲಿಷ್‌ನಲ್ಲಿ ಕೇಳಿದರು, 74 ಬಂತು. ನನ್ನಾಕೆ ವಾರ ಪೂರ್ತಿ ಅತ್ತಳು. ಆರು ತಿಂಗಳು ಬಿಟ್ಟು ಬೇರೆ ಕಡೆ ಕನ್ನಡದಲ್ಲಿ ಬಿನೆ-ಕಾಮತ್ ಅನ್ನೋ ಐಕ್ಯೂ ಟೆಸ್ಟ್ ಮಾಡಿಸಿದೆ. 93! ಅದೇ ಹುಡುಗಿ ರೀ.

ಇಳಕಲ್: ಬೆರಳಚ್ಚನ್ನು ಯಾಕೆ ಬೈಯುತ್ತೀರಿ? ಬುದ್ಧಿ ಒಂದೇ ಅಲ್ಲ, ಹಲವು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನರ್ 1983ರಲ್ಲೇ ಬರೆದಿದ್ದಾರೆ.

ನವನಗರ: ಬರೆದಿರಬಹುದು. ಬೆರಳು ನೋಡಿ ಹೇಳಿ ಅಂದಿದ್ದಾರಾ? ನಿಮ್ಮದೂ ಆ ಏಜೆನ್ಸಿ ಇದೆಯೇನು?

ಟಿಳಕವಾಡಿ, ಬೆಳಗಾವಿ: ಜಗಳ ಬಿಡಿ. ನನ್ನ ಮಗನದು 64. ಮೂರು ಸಲ ಧಾರವಾಡಕ್ಕೆ ಓಡಾಡಿದೆ. ಹಲಗೆಯ ಗುಳಿಗಳಲ್ಲಿ ಹತ್ತು ಮರದ ಆಕಾರ ಕೂರಿಸಬೇಕು, ಮೇಡಂ ಕೈಯಲ್ಲಿ ಸ್ಟಾಪ್‌ವಾಚ್. ನಮ್ಮವನು ನಕ್ಷತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ! ಅತ್ತೆ ಮನೆಯವರು ಇವತ್ತಿಗೂ ನನ್ನನ್ನೇ ಬೈಯುತ್ತಾರೆ, ಸುಮ್ನೆ ಹೆಸರು ಕೆಡಿಸಿದೆ ಅಂತ. ಆದರೆ ಅಂಗವಿಕಲತೆಯ ಸರ್ಟಿಫಿಕೇಟ್ ಸಿಕ್ಕಿತು, ಬೇರೆ ಪಾಠ ಶುರುವಾಯಿತು, ಈಗ ಚಿಲ್ಲರೆ ಎಣಿಸುತ್ತಾನೆ. 1905ರಲ್ಲಿ ಫ್ರಾನ್ಸಿನ ಬಿನೆ ಮೊದಲು ಈ ಟೆಸ್ಟ್ ಮಾಡಿದ್ದೇ ಯಾವ ಮಗುವಿಗೆ ಸಹಾಯ ಬೇಕು ಅಂತ ಗುರುತಿಸೋಕೆ. ಮತ್ತೆ ನವನಗರದವರೇ, ಕಾಮತರ ಟೆಸ್ಟ್ 1934ರದು. ಹಳೇ ಕಾಲದ ಮಕ್ಕಳ ಸರಾಸರಿಗೆ ಈಗಿನವರನ್ನು ಹೋಲಿಸಿದರೆ ಅಂಕ ಉಬ್ಬುತ್ತದೆ, ಫ್ಲಿನ್ ಅನ್ನೋ ಸಂಶೋಧಕ ಇದನ್ನೇ ತೋರಿಸಿದ್ದು. ನಿಮ್ಮ 93ನ್ನು ಅಷ್ಟು ನಂಬಬೇಡಿ.

ನವನಗರ: ಅಂದರೆ ನನ್ನ ಮಗಳು 74ಏ ಅಂತೀರಾ? ಕಾಮತರು ಕನ್ನಡ, ಮರಾಠಿ ಮಕ್ಕಳಿಗಂತಲೇ ಮಾಡಿದ್ದು. ಬೆಳಗಾವಿಯವರಾಗಿ ನೀವೇ ಹೀಗಂದರೆ?

ಟಿಳಕವಾಡಿ: ನಾನು ಹಾಗೆ ಅಂದಿಲ್ಲ.

ಜಲನಗರದ ಅಪ್ಪ: ಸರ್, ವಿಜಯಪುರದಲ್ಲಿ ಎಲ್ಲಿ ಅಂತ...

ಇಳಕಲ್: ಮೊದಲು ಕಣ್ಣು, ಕಿವಿ ತೋರಿಸಿ. ಮತ್ತೆ ನವನಗರದವರೇ, ನನ್ನದು ಏಜೆನ್ಸಿ ಅಲ್ಲ, ಸೀರೆ ಅಂಗಡಿ.

ನವನಗರ: ಮೂರು ಸಲ ಧಾರವಾಡ ಅಂತ ಹೇಳಿಕೊಳ್ಳುತ್ತಾರೆ. ಹೆಂಗಸರಿಗೆ ಬಸ್ ಫ್ರೀ ಅಲ್ವಾ? ನಾನು ಪ್ರತಿ ಸಲ ಟಿಕೆಟ್ ತೆಗೆದಿದ್ದೇನೆ.

ಟಿಳಕವಾಡಿ: ಆಗ ಫ್ರೀ ಇರಲಿಲ್ಲ ರೀ. ಟಿಕೆಟ್ ಇನ್ನೂ ಫೈಲಿನಲ್ಲಿವೆ, ಫೋಟೋ ಹಾಕಲಾ?