ಎನ್‌ಬಿಎಫ್‌ಸಿ ಹಾಕಿದ ಮೇಲೆ ಲ್ಯಾಪ್‌ಟಾಪ್ 68 ಡಿಗ್ರಿಯಲ್ಲೇ ಪಕ್ಕನೆ ಆಫ್ ಆಗ್ತದೆ, ಎಂತಕ್ಕೆ?

ಸುರತ್ಕಲ್_ಸೆಕೆ

15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್, ಇಂಟೆಲ್ ಐ7-10750ಎಚ್, ವಿಂಡೋಸ್ 11. ಫ್ಯಾನಿನ ಬೊಬ್ಬೆ ತಡೆಯದೆ, ಫ್ಯಾನ್ ವೇಗ ನಾವೇ ಹೊಂದಿಸುವ ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ (ಎನ್‌ಬಿಎಫ್‌ಸಿ) ಎಂಬ ಸಾಫ್ಟ್‌ವೇರ್ ಹಾಕಿದ್ದು. ಈ ಮಾಡೆಲ್ ಅದರ ಪಟ್ಟಿಯಲ್ಲಿ ಇಲ್ಲ, ಅದೇ ಕಂಪೆನಿಯ ಹತ್ತಿರದ ಮಾಡೆಲಿನ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಆರಿಸಿದ್ದೇನೆ. 70 ಡಿಗ್ರಿವರೆಗೆ ಫ್ಯಾನ್ 40 ಪರ್ಸೆಂಟ್, ಅದರ ಮೇಲೆ 80.

ಈಗ 10ರಿಂದ 25 ನಿಮಿಷದೊಳಗೆ ಪಕ್ಕನೆ ಆಫ್. ನೀಲಿ ಸ್ಕ್ರೀನ್ ಇಲ್ಲ, ಎಚ್ಚರಿಕೆ ಇಲ್ಲ, ಕರೆಂಟ್ ಹೋದ ಹಾಗೆ. ಕೊನೆಗೆ ಕಂಡ ಸಿಪಿಯು ಉಷ್ಣತೆ 68. ಉಷ್ಣತೆ, ಫ್ಯಾನ್ ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಂ ಒಟ್ಟಿಗೆ ಓಡಿಸಿದ್ರೆ ಇನ್ನೂ ಬೇಗ. ಎನ್‌ಬಿಎಫ್‌ಸಿ ತೆಗೆದ್ರೆ ಆಫ್ ಆಗುವುದಿಲ್ಲ, ಬೊಬ್ಬೆ ಮಾತ್ರ. ಚಾರ್ಜರ್ ಯಾವಾಗಲೂ ಹಾಕಿಯೇ ಉಂಟು. ಇದು ಬಿಸಿಯ ಸಮಸ್ಯೆಯಾ, ಕರೆಂಟಿನದ್ದಾ?

ಬಿಜೈ_ಬೆಂಚು

ಊಹೆ ಮಾಡುವ ಮೊದಲು ಈವೆಂಟ್ ವ್ಯೂಯರ್ (ವಿಂಡೋಸಿನ ದಾಖಲೆ ಪುಸ್ತಕ) ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಬಲಬದಿಯ ಫಿಲ್ಟರಿನಲ್ಲಿ 41, 86, 1074, 6008 ಈ ನಾಲ್ಕು ಸಂಖ್ಯೆ ಹಾಕಿ.

41 ಕಂಡ ಕೂಡಲೇ ಪವರ್ ಸಪ್ಲೈ ಹಾಳು ಅಂತ ತುಂಬ ಜನ ತೀರ್ಮಾನ ಮಾಡ್ತಾರೆ. ಅದು ತಪ್ಪು. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಮತ್ತೆ ಆನ್ ಆದ ಮೇಲೆ ಬರೆಯುವ ಸಾಲು ಅದು, ಕಾರಣ ಹೇಳುವುದಿಲ್ಲ. ಅದರ ಡೀಟೇಲ್ಸ್ ಟ್ಯಾಬಿನಲ್ಲಿ ಬಗ್‌ಚೆಕ್‌ಕೋಡ್ (ಕ್ರ್ಯಾಶಿನ ಸಂಖ್ಯೆ) 0 ಇದ್ರೆ ವಿಂಡೋಸ್ ಕ್ರ್ಯಾಶ್ ದಾಖಲಾಗಿಲ್ಲ, ಹೆಚ್ಚಾಗಿ ಕೆಳಗಿನಿಂದ ಯಾರೋ ಪವರ್ ಕಿತ್ತಿದ್ದಾರೆ. 86 ಇದ್ರೆ ಮಾತ್ರ ವಿಂಡೋಸಿಗೇ ಅತಿ ಬಿಸಿಯ ಸೂಚನೆ ಹೋಗಿ ಅದೇ ಬಂದ್ ಮಾಡಿದ್ದು. 1074 ಅಂದ್ರೆ ಯಾವುದೋ ಪ್ರೋಗ್ರಾಂ ಕೇಳಿ ಮಾಡಿಸಿದ ಶಟ್‌ಡೌನ್. 6008ರಲ್ಲಿ ಆಫ್ ಆದ ಹೊತ್ತು ಸಿಗ್ತದೆ, ಬರೆದಿಟ್ಟುಕೊಳ್ಳಿ.

10750ಎಚ್‌ನ ಮಿತಿ 100 ಡಿಗ್ರಿ. ಅಲ್ಲಿಗೆ ಬಂದ್ರೂ ಮೊದಲು ವೇಗ ಇಳಿಸ್ತದೆ, ಆಫ್ ಆಗುವುದು ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ 68ರಲ್ಲಿ ಸಿಪಿಯು ತಾನಾಗಿ ಬಿದ್ದದ್ದು ಅಲ್ಲವೇ ಅಲ್ಲ.

ಗೋಳಿಮರ_ಉಡುಪಿ

ಸಿಪಿಯು 68 ಅಂತ ಎಲ್ಲವೂ 68 ಅಲ್ಲ ಮಾರಾಯ್ರೆ. ಸಿಪಿಯು ಪಕ್ಕದಲ್ಲಿ ಅದಕ್ಕೆ ಕರೆಂಟ್ ಒದಗಿಸುವ ಮಾಸ್‌ಫೆಟ್‌ಗಳು ಇರ್ತವೆ. ಅವುಗಳ ಬಿಸಿ ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಯಾವ ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಫ್ಯಾನನ್ನು 40ಕ್ಕೆ ಕಟ್ಟಿಹಾಕಿದಾಗ ಮೊದಲು ಒದ್ದಾಡುವುದು ಅವೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಥೆ. ಘಟ್ಟದ ಮೇಲಿನ ಧೂಳು ಊದಿದ್ರೆ ಹಾರ್ತದೆ. ಇಲ್ಲಿ ಮಳೆಗಾಲದ ತೇವಕ್ಕೆ ಅದು ಹಸಿ ಬಟ್ಟೆಯ ಹಾಗೆ ಫ್ಯಾನಿಗೂ ರೇಡಿಯೇಟರ್ ರೆಕ್ಕೆಗಳಿಗೂ ನಡುವೆ ಪದರ ಕಟ್ಟಿ ಕೂರ್ತದೆ. ಹೊರಗಿನಿಂದ ಬ್ಲೋವರ್ ಹಿಡಿದ್ರೆ ಹೋಗುವುದಿಲ್ಲ. ಅಡಿ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಫ್ಯಾನ್ ಎತ್ತಿ ಆ ಪದರವನ್ನು ಚಿಮಟದಲ್ಲಿ ಹಿಡಿದು ಎಳೆಯಬೇಕು. ಗಾಳಿ ಬಿಡುವುದಾದ್ರೆ ಎಸಳುಗಳನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಿರಗಿರ ತಿರುಗಿದ್ರೆ ಬೇರಿಂಗ್ ಹೋಗ್ತದೆ. ಚಿಪ್ಪಿನ ಬಿಸಿಯನ್ನು ತಾಮ್ರದ ಫಲಕಕ್ಕೆ ದಾಟಿಸುವ ಪೇಸ್ಟ್ ಬದಲಿಸುವುದಾದ್ರೆ ಹಳೆಯದನ್ನು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಚಿಪ್ಪಿನ ಮೂಲೆಮೂಲೆಗೂ ತೆಳುವಾಗಿ ಹಚ್ಚಿ. ಮಾಸ್‌ಫೆಟ್ ಮೇಲಿನ ಪ್ಯಾಡ್ ಹರಿದಿದ್ರೆ ಅದೇ ದಪ್ಪದ್ದೇ ಬೇಕು. 1 ಮಿಲಿಮೀಟರ್ ಇದ್ದಲ್ಲಿ 1.5 ಇಟ್ರೆ ತಾಮ್ರದ ಫಲಕ ಸಿಪಿಯುವಿಗೆ ಸರಿಯಾಗಿ ಕೂರುವುದಿಲ್ಲ.

ಇಸಿ_ಕಿವಿಮಾತು

ಮೇಲಿನದ್ದು ಒಳ್ಳೆಯ ಕೆಲಸವೇ, ಆದ್ರೆ ಈ ರೋಗದ ಮದ್ದು ಅದಲ್ಲ ಅಂತ ನನ್ನ ಲೆಕ್ಕ. "ಹತ್ತಿರದ ಮಾಡೆಲಿನ ಕಾನ್ಫಿಗ್" ಅಂದ್ರಲ್ಲ, ಅಲ್ಲೇ ಉಂಟು ವಿಷಯ.

ಎನ್‌ಬಿಎಫ್‌ಸಿ ಫ್ಯಾನಿನ ಹತ್ತಿರ ನೇರ ಮಾತಾಡುವುದಿಲ್ಲ. ಮದರ್‌ಬೋರ್ಡಿನ ಎಂಬೆಡೆಡ್ ಕಂಟ್ರೋಲರ್ (ಇಸಿ) ಎಂಬ ಸಣ್ಣ ಚಿಪ್ಪಿನ ರಿಜಿಸ್ಟರಿಗೆ, ಅಂದ್ರೆ ಅದರೊಳಗಿನ ಒಂದು ಪುಟ್ಟ ನೆನಪಿನ ಗೂಡಿಗೆ, ಒಂದು ಸಂಖ್ಯೆ ಬರೀತದೆ. ಪವರ್ ಬಟನ್, ಚಾರ್ಜಿಂಗ್, ಕೀಬೋರ್ಡ್, ಫ್ಯಾನ್ ಎಲ್ಲ ಅದರ ಕೈಯಲ್ಲಿ. 256 ರಿಜಿಸ್ಟರುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಎಂಬುದು ಮಾಡೆಲಿಂದ ಮಾಡೆಲಿಗೆ ಬೇರೆ. ಒಂದರಲ್ಲಿ ಫ್ಯಾನ್ ವೇಗ ಇದ್ದಲ್ಲಿ ಇನ್ನೊಂದರಲ್ಲಿ ಉಷ್ಣತೆಯ ಮಿತಿಯೋ ಚಾರ್ಜಿಂಗ್ ಸ್ಥಿತಿಯೋ ಇರಬಹುದು. ಅಲ್ಲಿಗೆ ಹೋಗಿ ಫ್ಯಾನಿನ ಸಂಖ್ಯೆ ಬರೆದ್ರೆ ಚಿಪ್ಪಿಗೆ ಗಾಬರಿಯಾಗಿ ಪವರ್ ಕಟ್ ಮಾಡಲೂಬಹುದು. ವಿಂಡೋಸಿಗೆ ಒಂದು ಸಾಲು ಬರೆಯುವಷ್ಟೂ ಸಮಯ ಸಿಗುವುದಿಲ್ಲ.

ಎಚ್‌ಡಬ್ಲ್ಯೂಇನ್ಫೋ ಇದ್ದಾಗ ಬೇಗ ಬೀಳುವುದಕ್ಕೂ ಕಾರಣ ಉಂಟು. ಒಂದು ಬರಹಕ್ಕೆ ಮೂರು ಹೆಜ್ಜೆ: 66ನೇ ಪೋರ್ಟಿಗೆ (ಚಿಪ್ಪಿನ ಒಂದು ಬಾಗಿಲು) "ಬರೆಯುತ್ತೇನೆ" ಎಂಬ ಆಜ್ಞೆ, 62ಕ್ಕೆ ರಿಜಿಸ್ಟರ್ ಸಂಖ್ಯೆ, ಮತ್ತೆ 62ಕ್ಕೇ ಬೆಲೆ, ಅಂದ್ರೆ ಬರೆಯಬೇಕಾದ ಸಂಖ್ಯೆ. ಪೋರ್ಟ್ ಸಂಖ್ಯೆ ಎರಡೂ ಹೆಕ್ಸ್ (16ರ) ಲೆಕ್ಕದ್ದು. ಈ ಮೂರರ ನಡುವೆ ಇನ್ನೊಬ್ಬ ತಲೆ ಹಾಕಿದ್ರೆ ಬೆಲೆ ಎಲ್ಲಿಗೋ ಹೋಗಿ ಬೀಳ್ತದೆ. ಸರತಿಯಲ್ಲಿ ನಿಲ್ಲಲು ಇಂಥ ಪ್ರೋಗ್ರಾಂಗಳ ಮಧ್ಯೆ ಒಂದು ಬೀಗ ಉಂಟು. ಆದ್ರೆ ಪವರ್ ವ್ಯವಹಾರ ನೋಡುವ ವಿಂಡೋಸಿನ ಎಸಿಪಿಐ ಡ್ರೈವರ್ ಆ ಬೀಗ ನೋಡುವುದೇ ಇಲ್ಲ, ತನ್ನ ಪಾಡಿಗೆ ಅದೇ ಪೋರ್ಟಿಗೆ ಬರ್ತದೆ.

ಪರೀಕ್ಷೆ ಹೀಗೆ ಮಾಡಿ. ಎನ್‌ಬಿಎಫ್‌ಸಿ ಬಂದ್ ಮಾಡಿ, ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ, ಇಲ್ಲದಿದ್ರೆ ಫಾಸ್ಟ್ ಸ್ಟಾರ್ಟಪ್ ಹಳೆ ಸ್ಥಿತಿಯನ್ನೇ ಎಬ್ಬಿಸ್ತದೆ. ಚಾರ್ಜರ್ ತೆಗೆಯಿರಿ. ಆ ಚಿಪ್ಪಿಗೆ ಬ್ಯಾಟರಿಯಿಂದಲೂ ಜೀವ ಇರುವುದರಿಂದ ಬ್ಯಾಟರಿ ಕನೆಕ್ಟರ್ ಬಿಡಿಸಿ ಪವರ್ ಬಟನ್ 30 ಸೆಕೆಂಡ್ ಒತ್ತಿ. ತಪ್ಪು ಬೆಲೆ ಒಳಗೆ ಉಳಿದಿದ್ರೆ ಇದರಲ್ಲಿ ಹೋಗ್ತದೆ. ಮತ್ತೆ ಆನ್ ಮಾಡಿ ಎನ್‌ಬಿಎಫ್‌ಸಿಯನ್ನು ರೀಡ್-ಓನ್ಲಿಯಲ್ಲಿ (ಓದುವುದು ಮಾತ್ರ, ಬರೆಯುವುದಿಲ್ಲ) 45 ನಿಮಿಷ ಬಿಡಿ, ಎಚ್‌ಡಬ್ಲ್ಯೂಇನ್ಫೋ ಬೇಡ. ಆಗಲೂ ಬಿದ್ರೆ ಪೋರ್ಟಿನ ನೂಕುನುಗ್ಗಲಿನ ಮೇಲೆ ಸಂಶಯ. ಬೀಳದೆ, ಎನೇಬಲ್ ಮಾಡಿದಾಗ ಮಾತ್ರ ಬಿದ್ರೆ ಬರೆಯುವ ಬೆಲೆಯೇ ಕಳ್ಳ. ತೋರಿಸುವ ಪರ್ಸೆಂಟಿಗೂ ಕಿವಿಗೆ ಕೇಳುವ ಸದ್ದಿಗೂ ತಾಳೆ ಆಗ್ತದಾ ಅಂತಲೂ ಗಮನಿಸಿ.

ಸುರತ್ಕಲ್_ಸೆಕೆ

41 ಉಂಟು, ಬಗ್‌ಚೆಕ್‌ಕೋಡ್ 0. 6008 ಉಂಟು. 86 ಒಂದೂ ಇಲ್ಲ. ರೀಡ್-ಓನ್ಲಿಯಲ್ಲಿ 45 ನಿಮಿಷ ಏನೂ ಆಗಲಿಲ್ಲ. ಫ್ಯಾನ್ ಜೋರಾಗಿ ಕೂಗುವಾಗಲೂ ಎನ್‌ಬಿಎಫ್‌ಸಿ 0 ಪರ್ಸೆಂಟ್ ಅಂತಲೇ ತೋರಿಸ್ತಾ ಇತ್ತು. ಎನೇಬಲ್ ಮಾಡಿದ್ರೆ 14ನೇ ನಿಮಿಷಕ್ಕೆ ಆಫ್. ಸರಿಯಾದ ರಿಜಿಸ್ಟರ್ ನಾವೇ ಹುಡುಕಬಹುದಾ?

ಇಸಿ_ಕಿವಿಮಾತು

ಹಾಗಾದ್ರೆ ಓದುವ ರಿಜಿಸ್ಟರೇ ತಪ್ಪು, ಬರೆಯುವುದು ಸರಿ ಇರುವ ನಂಬಿಕೆ ನನಗಿಲ್ಲ. ಆ ಕಾನ್ಫಿಗನ್ನು ಇನ್ನು ಎನೇಬಲ್ ಮಾಡಲೇಬೇಡಿ.

ಹುಡುಕಬಹುದು, ಓದುವುದರಲ್ಲಿ ಮಾತ್ರ. ಎನ್‌ಬಿಎಫ್‌ಸಿ ಫೋಲ್ಡರಿನಲ್ಲೇ ರಿಜಿಸ್ಟರುಗಳನ್ನು ಓದಿ ತೋರಿಸುವ ಇಸಿ-ಪ್ರೋಬ್ ಉಂಟು. ಮೊದಲು ಎನ್‌ಬಿಎಫ್‌ಸಿ ಸರ್ವಿಸ್ ನಿಲ್ಲಿಸಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಇಸಿ-ಪ್ರೋಬಿನ ಮಾನಿಟರ್ ಆಜ್ಞೆ ಕೊಡಿ. 5 ನಿಮಿಷ ಸುಮ್ಮನೆ, 5 ನಿಮಿಷ ಭಾರ ಹೇರಿ, ಮತ್ತೆ 5 ನಿಮಿಷ ಸುಮ್ಮನೆ. ಫ್ಯಾನಿನ ಸದ್ದಿನ ಒಟ್ಟಿಗೆ ಏರಿ ಇಳಿಯುವ ರಿಜಿಸ್ಟರ್ ಯಾವುದು ನೋಡಿ. ಉಷ್ಣತೆಯದ್ದು ಕೂಡ ಹಾಗೇ ಏರಿಳೀತದೆ, ಅದನ್ನು ಫ್ಯಾನ್ ಅಂದುಕೊಳ್ಳಬೇಡಿ. ಉಷ್ಣತೆ ಒಂದೊಂದೇ ಡಿಗ್ರಿ ಸರಿಯುತ್ತದೆ, ಫ್ಯಾನ್ ಮೆಟ್ಟಿಲು ಹಾರಿದ ಹಾಗೆ. ಸಿಕ್ಕಿತು ಅಂತ ಬರೆಯಲು ಹೊರಡಬೇಡಿ. ಓದುವ ರಿಜಿಸ್ಟರೂ ಬರೆಯುವ ರಿಜಿಸ್ಟರೂ ಒಂದೇ ಆಗಿರಬೇಕೆಂದಿಲ್ಲ.

ಬಿಜೈ_ಬೆಂಚು

ಬೊಬ್ಬೆ ಕಮ್ಮಿಯಾದ್ರೆ ಸಾಕಲ್ವಾ, ಅದಕ್ಕೆ ಫ್ಯಾನ್ ಮುಟ್ಟುವ ಅಗತ್ಯವೇ ಇಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100ರಿಂದ 99ಕ್ಕೆ ಇಳಿಸಿ. ಒಂದೇ ಪರ್ಸೆಂಟ್ ಅಂತ ನಗಬೇಡಿ, ಟರ್ಬೊ (ಚಿಪ್ ತಾನಾಗಿ ವೇಗ ಏರಿಸುವುದು) ಬಂದ್ ಆಗ್ತದೆ. 5 ಗಿಗಾಹರ್ಟ್ಸ್‌ವರೆಗೆ ಹಾರುತ್ತಿದ್ದ ಚಿಪ್ 2.6ರ ಆಸುಪಾಸಿನಲ್ಲಿ ನಿಲ್ತದೆ, ಬಿಸಿ ಇಳೀತದೆ, ಫ್ಯಾನ್ ತಾನಾಗಿಯೇ ಬಾಯಿ ಮುಚ್ತದೆ. ಗೇಮ್ ಆಡುವಾಗ ಮಾತ್ರ 100ಕ್ಕೆ ಹಾಕಿ. ಅಂಡರ್‌ವೋಲ್ಟ್, ಅಂದ್ರೆ ಸಿಪಿಯುವಿಗೆ ಕೊಡುವ ವೋಲ್ಟೇಜ್ ಇಳಿಸುವುದು, ಕೂಡ ಒಂದು ದಾರಿ, ಆದ್ರೆ 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಂದ ಮೇಲೆ ತುಂಬ ಬಯೋಸ್‌ಗಳಲ್ಲಿ ಅದಕ್ಕೆ ಬೀಗ ಬಿದ್ದಿದೆ.

ಎನ್‌ಬಿಎಫ್‌ಸಿ ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಸರ್ವಿಸಸ್ ಪಟ್ಟಿಯಲ್ಲಿ ಅದರ ಹೆಸರು ಹೋಗಿದೆಯಾ ನೋಡಿ. ಉಳಿದಿದ್ರೆ ಡಿಸೇಬಲ್ ಮಾಡಿ, ಇನ್ನೊಮ್ಮೆ ಶಿಫ್ಟ್ ಹಿಡಿದೇ ಶಟ್‌ಡೌನ್ ಕೊಡಿ.

ಗೋಳಿಮರ_ಉಡುಪಿ

ಸರಿ, ನಾನು ಸೋತೆ. ಆದ್ರೂ ಬ್ಯಾಟರಿ ಕನೆಕ್ಟರ್ ಬಿಡಿಸಲು ಮುಚ್ಚಳ ತೆಗೀತೀರಲ್ಲ, ಆ ಹಸಿ ಬಟ್ಟೆಯನ್ನೂ ಎಳೆದುಬಿಡಿ.