ಪದ ಬೇಕು, ಸಂಜೆಯೊಳಗೆ: ಫೋನಿನಿಂದ ಪ್ರಿಂಟ್, ಪಿಡಿಎಫ್

ಎಲ್ಲರಿಗೂ ನಮಸ್ಕಾರ.

ಉಡುಪಿ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನನ್ನ ತಮ್ಮನದ್ದೊಂದು ಜೆರಾಕ್ಸ್ ಅಂಗಡಿ ಇದೆ. ಹೊಸ ಬೋರ್ಡ್ ಹಾಕಿಸುತ್ತಿದ್ದೇವೆ. ಫ್ಲೆಕ್ಸಿನವರು ಇವತ್ತು 5 ಗಂಟೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ಎರಡು ಕೆಲಸಕ್ಕೆ ಕನ್ನಡ ಬೇಕು. ಗಿರಾಕಿಯ ಫೋನಿನಲ್ಲಿ ಇರುವುದನ್ನು ಕಾಗದಕ್ಕೆ ಪ್ರಿಂಟ್ ಮಾಡಿಕೊಡುವುದು ಒಂದು. ಅದನ್ನೇ ಪಿಡಿಎಫ್ ಮಾಡಿ ಅವರ ಫೋನಿನಲ್ಲಿ ಸೇವ್ ಮಾಡಿಕೊಡುವುದು ಇನ್ನೊಂದು.

ತೊಂದರೆ ಏನೆಂದರೆ, ಆಂಡ್ರಾಯ್ಡಿನಲ್ಲಿ ಎರಡಕ್ಕೂ ದಾರಿ ಒಂದೇ. ಶೇರ್‌ಗೆ ಹೋಗಿ ಪ್ರಿಂಟ್ ಒತ್ತಬೇಕು. ಆಮೇಲೆ ಪ್ರಿಂಟರ್ ಹೆಸರು ಬರುವ ಜಾಗದಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಆರಿಸಬೇಕು. ಮೊನ್ನೆ ಒಬ್ಬರು ವಯಸ್ಸಾದ ಅಮ್ಮ ಫೋನಿನಲ್ಲಿ ಆರ್‌ಟಿಸಿ ತೆರೆದುಕೊಂಡು ಬಂದಿದ್ದರು. ಪಿಡಿಎಫ್ ಮಾಡಲು ನಾನು ಪ್ರಿಂಟ್ ಒತ್ತಿದೆ. "ಪ್ರಿಂಟ್ ಬೇಡ ಮಗಾ, ಮಗಳಿಗೆ ವಾಟ್ಸಾಪ್ ಮಾಡ್ಲಿಕ್ಕೆ ಮಾತ್ರ" ಎಂದು ನನ್ನ ಕೈಯನ್ನೇ ಹಿಡಿದುಬಿಟ್ಟರು. ಕಾಗದ ಬಂದರೆ ದುಡ್ಡು ಕೊಡಬೇಕಲ್ಲ ಎಂಬ ಹೆದರಿಕೆ ಅವರಿಗೆ. ಎರಡೂ ಬೇರೆ ಬೇರೆ ಅಂತ ಬೋರ್ಡು ನೋಡಿದರೆ ಗೊತ್ತಾಗಬೇಕು. 'ಮುದ್ರಿಸು', 'ಉಳಿಸು' ಸಾಕಾ?

— ಉಡುಪಿಯಿಂದ

*

ಸಾಲದು. 'ಅಚ್ಚು' ಇರುವಾಗ ಸಂಸ್ಕೃತದ 'ಮುದ್ರಿಸು' ಯಾಕೆ? ಅಚ್ಚುಬೆಲ್ಲದ ಅಚ್ಚು, ಅಚ್ಚುಮೊಳೆಯ ಅಚ್ಚು ಎಲ್ಲ ಒಂದೇ. ತಮಿಳು, ಮಲಯಾಳದಲ್ಲೂ ಇದೇ ಪದ. ಈ ಊರಿನವರಿಗೆ ಅದನ್ನು ಹೇಳಿಕೊಡಬೇಕಾ? 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲು ಮತ್ತು ಅಚ್ಚು, ಎರಡೇ ಪದದಲ್ಲಿ ಇಡೀ ಕೆಲಸ ಕಣ್ಣಿಗೆ ಕಟ್ಟುತ್ತದೆ. ಬೋರ್ಡಿಗೆ 'ಅಚ್ಚು ಹಾಕು' ಎಂದು ಬರೆಸಿ. ಪಿಡಿಎಫ್‌ಗೆ 'ಕಡತ' ಇದೆ. ಪ್ರಿಂಟು, ಸೇವು ಎಂದೇ ಬರೆಸುವುದಾದರೆ ಇಲ್ಲಿ ಕೇಳುವ ಅಗತ್ಯವೇ ಇಲ್ಲ.

— ಕಂಕನಾಡಿ, ಮಂಗಳೂರು

*

ಕಂಕನಾಡಿ ಮಾಷ್ಟ್ರೇ, ಅವರಿಗೆ ಬೇಕಿರುವುದು ಬೋರ್ಡಿಗೆ. 'ಅಚ್ಚು ಹಾಕಿಕೊಡುತ್ತೇವೆ' ಎಂದರೆ ಮದುವೆ ಕಾಗದ ಮಾಡಿಸುವವರು ಬಂದು ನಿಲ್ಲುತ್ತಾರೆ.

ಇನ್ನು ಮುದ್ರೆ. ಉಡುಪಿಯಲ್ಲಿ ಮುದ್ರೆ ಎಂದರೆ ಶಯನೀ ಏಕಾದಶಿಯಂದು ಮಠದಲ್ಲಿ ಹಾಕಿಸಿಕೊಳ್ಳುವ ಶಂಖ, ಚಕ್ರ. ಬಿಸಿ ಲೋಹ ಮೈಗೆ ತಾಗಿ ಗುರುತು ಬೀಳುತ್ತದೆ. ಅಚ್ಚಾಗಲಿ ಮುದ್ರೆಯಾಗಲಿ, ಒಂದು ಇನ್ನೊಂದರ ಮೇಲೆ ಒತ್ತಿಯೇ ಮೂಡಬೇಕು. ಪಿಡಿಎಫ್ ಮಾಡುವಾಗ ಯಾವುದು ಯಾವುದನ್ನು ಒತ್ತುತ್ತದೆ?

'ಕಡತ' ಅಂತೂ ತಪ್ಪೇ ತಪ್ಪು. ಕಡತ ಎಂದರೆ ಬಟ್ಟೆ. ಅದಕ್ಕೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಎಲ್ಲರಿಗೂ ಗೊತ್ತು. ಬೇಡದ್ದನ್ನು ಒರಸಿ ಮತ್ತೆ ಬರೆಯಬಹುದು. ಪಿಡಿಎಫ್ ಇದಕ್ಕೆ ತಿರುಗಮುರುಗ. 1993ರಲ್ಲಿ ಅಡೋಬಿ ಅದನ್ನು ತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಇದ್ದ ಹಾಗೇ ಕಾಣಲಿ ಅಂತ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಫೋನಿನಲ್ಲಿ ತೆರೆದು ನೋಡಿ, ಕನ್ನಡ ಇದ್ದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಅದನ್ನೇ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿ ಕಳಿಸಿದರೆ ಫಾಂಟೂ ಒಳಗೇ ಸೇರಿಕೊಂಡು ಬರುತ್ತದೆ, ಒತ್ತಕ್ಷರ ಒಂದೂ ಅಲುಗುವುದಿಲ್ಲ.

ಎರವಲಿನ ಮಾತು ತೆಗೆದಿರಿ, ಹೇಳುತ್ತೇನೆ. ನೀವು ಅಚ್ಚು ಹಾಕುವ ಕಾಗದ ಪಾರಸಿಯಿಂದ ಬಂದದ್ದು. ನಮ್ಮ ಮನೆಯ ಜನೇಲು, ಚಾವಿ ಪೋರ್ಚುಗೀಸರದ್ದು. ಅದರಿಂದ ಕನ್ನಡ ಸೊರಗಲಿಲ್ಲ. ಕ್ರಿಯಾಪದ ನಮ್ಮದಿರುವವರೆಗೆ ನನಗೆ ಹೆದರಿಕೆ ಇಲ್ಲ. ಕೌಂಟರಿನಲ್ಲಿ ಜನ ಏನು ಹೇಳುತ್ತಾರೆ ಕೇಳಿ. ಫೋಟೊ ತೆಗೆದ ಹಾಗೆ, ಜೆರಾಕ್ಸ್ ತೆಗೆದ ಹಾಗೆ 'ಪ್ರಿಂಟ್ ತೆಗೆದು ಕೊಡಿ' ಅನ್ನುತ್ತಾರೆ. 'ಪಿಡಿಎಫ್ ತೆಗೆದು ಕೊಡಿ' ಅನ್ನುವುದನ್ನು ನಾನು ಕೇಳಿಲ್ಲ. ಅದು 'ಪಿಡಿಎಫ್ ಮಾಡಿ ಕೊಡಿ'. ತೆಗೆದರೆ ಕಾಗದ, ಮಾಡಿದರೆ ಫೈಲು. ಯಾರೂ ಕಲಿಸದೆ ಜನರೇ ಈ ಭೇದ ಮಾಡಿಕೊಂಡಿದ್ದಾರೆ. ಉಡುಪಿಯವರೇ, ನಿಮಗೆ ಬೇಕಿದ್ದೂ ಅದೇ ಅಲ್ವಾ?

'ಉಳಿಸು' ಬೇಡ. ಅಂಗಡಿ ಬೋರ್ಡಿನಲ್ಲಿ ಅದು ದುಡ್ಡು ಉಳಿಸುವ ಮಾತಾಗುತ್ತದೆ. 'ತೆಗೆದಿಡು' ನನಗೆ ಬಹಳ ಇಷ್ಟದ ಪದ, ತಡವಾಗಿ ಬರುವವರಿಗೆ ಊಟ ತೆಗೆದಿಟ್ಟ ಹಾಗೆ. ಆದರೆ ಮೇಲಿನ ಸಾಲಿನ 'ತೆಗೆ' ಜೊತೆ ಗೊಂದಲ ಆಗುತ್ತದೆ. 'ಫೋನಿಗೆ ಹಾಕಿಕೊಡುತ್ತೇವೆ' ಎಂದು ಬರೆಸಿ.

— ಕುಂದಾಪುರ ಕಡೆಯವ

*

ಕ್ರಿಯಾಪದ ನಮ್ಮದಿದ್ದರೆ ಸಾಕು ಎನ್ನುವುದು ಸೋಮಾರಿ ವಾದ. 'ಬೇಯಿಸು' ಹೋಗಿ 'ಕುಕ್ ಮಾಡು' ಬಂತು. ಅಲ್ಲಿ ಉಳಿದದ್ದು ಯಾವ ಕ್ರಿಯಾಪದ? ಬರೀ 'ಮಾಡು'. ಹೀಗೇ ಹೋದರೆ ಕನ್ನಡದಲ್ಲಿ ಅದೊಂದೇ ಉಳಿಯುತ್ತದೆ. ಜನೇಲು, ಚಾವಿ ಬಂದದ್ದು ಆ ವಸ್ತುಗಳ ಜೊತೆಗೆ. ಅಚ್ಚು ನಮ್ಮ ಕೈಯಲ್ಲೇ ಇತ್ತು, ನಾವೇ ಬಿಟ್ಟೆವು. ಕಡತದ ಮಾತು ಒಪ್ಪಿದೆ, ಹಿಂದೆ ತೆಗೆದುಕೊಂಡಿದ್ದೇನೆ. ಅಚ್ಚನ್ನು ಬಿಡುವುದಿಲ್ಲ.

— ಕಂಕನಾಡಿ

*

ಇಬ್ಬರಿಗೂ ಧನ್ಯವಾದ. ಗಂಟೆ ನಾಲ್ಕೂಮುಕ್ಕಾಲು, ಹೀಗೆ ಕೊಟ್ಟಿದ್ದೇನೆ:

ನಿಮ್ಮ ಫೋನಿನಿಂದ ಪ್ರಿಂಟ್ ತೆಗೆದುಕೊಡುತ್ತೇವೆ
ಕಾಗದ ಬೇಡವೇ? ಪಿಡಿಎಫ್ ಮಾಡಿ ಫೋನಿಗೇ ಹಾಕಿಕೊಡುತ್ತೇವೆ

ಮಾಷ್ಟ್ರೇ, ಬೇಜಾರು ಮಾಡಬೇಡಿ. 'ಕುಕ್ ಮಾಡು' ಮಾತು ತಲೆಯಲ್ಲಿ ಕೂತಿದೆ. ಅಂಗಡಿಯಲ್ಲಿ ಆಮಂತ್ರಣ ಪತ್ರಿಕೆಯ ಆರ್ಡರನ್ನೂ ತೆಗೆದುಕೊಳ್ಳುತ್ತೇವೆ, ಅದರ ಬೋರ್ಡು ಬೇರೆ. ಅಲ್ಲಿ 'ಅಚ್ಚು ಹಾಕಿಸಿಕೊಡುತ್ತೇವೆ' ಎಂದೇ ಬರೆಸುತ್ತೇನೆ. ಮ್ಯಾಟರ್ ನುಡಿಯಲ್ಲಿ ಟೈಪ್ ಮಾಡಿದ್ದೆ. ಫ್ಲೆಕ್ಸಿನವರಿಗೆ ಪಿಡಿಎಫ್ ಮಾಡಿಯೇ ಕಳಿಸಿದೆ.

— ಉಡುಪಿಯಿಂದ