ಫೈಕಸ್ ಬೋನ್ಸಾಯ್: ಬೋಳು ಕಾಂಡಕ್ಕೆ ರೆಂಬೆ ಪೋಣಿಸಿ ಕಸಿ ಮಾಡೋದು ಹೇಗೆ?

ಕುಂಡಪ್ರಿಯ:
ನನ್ನದು ಫೈಕಸ್ ಮೈಕ್ರೊಕಾರ್ಪಾ (ಆಲದ ಜಾತಿಯ ಮರ), ಕಾಂಡದ ದಪ್ಪ ಸುಮಾರು 5 ಸೆಂ.ಮೀ. ಎಡಗಡೆ ಮೊದಲ ರೆಂಬೆ ಇರಬೇಕಾದ ಜಾಗ ಬೋಳು. ಮೇಲೆ ಎಷ್ಟು ಸವರಿದರೂ ಅಲ್ಲಿ ಚಿಗುರೊಡೆಯುತ್ತಿಲ್ಲ. ಬಲಗಡೆ ಬುಡದಿಂದ ಒಂದು ಅಡಿ ಉದ್ದದ ಎಳೆ ರೆಂಬೆ ಬಂದಿದೆ. ಅದನ್ನೇ ಕಾಂಡದೊಳಗೆ ತೂರಿಸಬಹುದೇ? ತೂತು ಎಷ್ಟು ದಪ್ಪ? ಬೆಸೆದ ಮೇಲೆ ರೆಂಬೆಯನ್ನು ಅದರ ಬುಡದ ಕಡೆ ಯಾವಾಗ ಕತ್ತರಿಸಬೇಕು?

ಬಿಳಲು:
ಧಾರಾಳವಾಗಿ ಮಾಡಬಹುದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳ್ಳೆಯ ಕಾಲ. ಹಿಂದಿನ ದಿನವೇ ರೆಂಬೆಯ ಎಲೆಗಳನ್ನು ತೆಗೆಯಿರಿ. ಕಿತ್ತರೆ ಕಣ್ಣೂ (ಚಿಗುರೊಡೆಯೋ ಮೊಗ್ಗು) ಕಿತ್ತುಬರುತ್ತೆ, ಅದಕ್ಕೆ ತೊಟ್ಟಿನ ಅರ್ಧ ಉಳಿಸಿ ಕತ್ತರಿಸಿ. ಸುರಿಯೋ ಹಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ರೆಂಬೆಯ ಅತಿ ದಪ್ಪ ಗೆಣ್ಣಿಗಿಂತ 1 ಮಿ.ಮೀ. ದೊಡ್ಡ ಡ್ರಿಲ್ ಬಿಟ್ ಸಾಕು. ರೆಂಬೆ ಹೊರಬರಬೇಕಾದ ಕಡೆಯಿಂದಲೇ ಕೊರೆಯಿರಿ, ಆಗ ಜಾಗ ತಪ್ಪಲ್ಲ. ಮೊಂಡು ಬಿಟ್ ಬೇಡ, ತೂತಿನ ಅಂಚು ಸುಟ್ಟರೆ ಅಲ್ಲಿ ಬೆಸುಗೆ ಆಗಲ್ಲ. ತುದಿಮೊಗ್ಗಿಗೆ ಟೆಫ್ಲಾನ್ ಟೇಪ್ ಸುತ್ತಿ, ನಿಧಾನಕ್ಕೆ ತೂರಿಸಿ. ಒಂದು ಕಣ್ಣು ತೂತಿನ ಬಾಯಿಗೆ 2 ಮಿ.ಮೀ. ಆಚೆ ನಿಲ್ಲಲಿ, ಮುಂದೆ ಕವಲು ಕಾಂಡದ ಹತ್ತಿರವೇ ಸಿಗುತ್ತೆ. ಅಲುಗಾಡದ ಹಾಗೆ ಕಡ್ಡಿ ಸಿಕ್ಕಿಸಿ, ಎರಡೂ ಬಾಯಿಗೆ ಗ್ರಾಫ್ಟಿಂಗ್ ಮೇಣ ಮೆತ್ತಿ. ಮೇಣ ಒಳಗೆ ಇಳಿಯಬಾರದು.

ಮಣ್ಣುಕೈ:
ಕತ್ತರಿಸೋ ವಿಷಯದಲ್ಲೇ ಬಹಳ ಜನ ಎಡವೋದು. ಕಾಂಡದ ನಡುವಿನ ಮರಕ್ಕೆ ರೆಂಬೆ ಅಂಟೋದೇ ಇಲ್ಲ. ಬೆಸೆಯೋದು ತೂತಿನ ಬಾಯಲ್ಲಿ ಮಾತ್ರ, ತೊಗಟೆ ಕೆಳಗಿನ ತೆಳು ಹಸಿರು ಪದರದಲ್ಲಿ. ರೆಂಬೆ ಉಬ್ಬಿ ಆ ಬಾಯಿಗೆ ಒತ್ತಿಕೊಳ್ಳಬೇಕು. ಅದಕ್ಕೇ ಹೊರಬಂದ ತುದಿಯನ್ನು ಚಿವುಟಬೇಡಿ, ಬೆಳೆದಷ್ಟು ಬೆಳೆಯಲಿ. ಮೇಲಿನ ಎಲೆ ತೆಳುಮಾಡಿ ಅದಕ್ಕೆ ಬಿಸಿಲು ಬಿಡಿ. ಆ ವರ್ಷ ಕುಂಡ ಬದಲಿಸಬೇಡಿ.

ತಿಂಗಳು ಎಣಿಸಬೇಡಿ, ದಪ್ಪ ನೋಡಿ. ಹೊರಬಂದ ಭಾಗ ಒಳಹೋದ ಭಾಗಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪವಾದರೆ ಕಾಂಡದಿಂದ ಆಹಾರ ಎಳೀತಿದೆ ಅಂತ ಅರ್ಥ. ಆಗಲೂ ಒಮ್ಮೆಗೇ ಕತ್ತರಿಸದೆ, ಒಳಹೋಗುವ ಕಡೆ ಅರ್ಧಕ್ಕೆ ಕಚ್ಚು ಹಾಕಿ 3 ವಾರ ಬಿಡಿ. ಎಲೆ ಬಾಡದಿದ್ದರೆ ಪೂರ್ತಿ ಕತ್ತರಿಸಿ.

ಕುಂಡಪ್ರಿಯ:
ಗೊತ್ತಾಯ್ತು. ಮರ ನರ್ಸರಿಯಿಂದ ತಂದ 'ಜಿನ್ಸೆಂಗ್' ಫೈಕಸ್, ಬುಡ ಗೆಡ್ಡೆ ಥರ ಇದೆ. ತೊಂದರೆ ಇಲ್ಲ ತಾನೇ?

ಮಣ್ಣುಕೈ:
ಇದೆ, ಇದನ್ನು ಮೊದಲೇ ಹೇಳಬೇಕಿತ್ತು! ಜಿನ್ಸೆಂಗ್ ಅಂತ ಮಾರೋ ಗಿಡಗಳಲ್ಲಿ ಸಾಮಾನ್ಯವಾಗಿ ಬೀಜದಿಂದ ಬಂದ ಬುಡದ ಮೇಲೆ ಸಣ್ಣೆಲೆಯ ತಳಿ ಕಸಿ ಮಾಡಿರ್ತಾರೆ. ಬುಡದಿಂದ ಬಂದ ನಿಮ್ಮ ರೆಂಬೆ ಬೇರೆ ಎಲೆಯದ್ದಿರಬಹುದು. ಎರಡೂ ಎಲೆ ಪಕ್ಕಪಕ್ಕ ಇಟ್ಟು ನೋಡಿ.

ಬಿಳಲು:
ಬೇರೆಯಾದರೆ ಮೇಲಿನ ತಳಿಯ ಒಂದು ಕಡ್ಡಿ ಬೇರು ಬರಿಸಿ, ಆ ಕುಂಡ ಪಕ್ಕಕ್ಕಿಟ್ಟು, ಅದರ ರೆಂಬೆಯನ್ನೇ ತೂರಿಸಿ. ಉಳಿದದ್ದೆಲ್ಲ ಹೀಗೇ. ಎರಡೂ ಕುಂಡ ಒಂದೇ ಹಲಗೆಗೆ ಬಿಗಿದಿಡಿ. ನೀರು ಹಾಕುವಾಗ ಒಂದನ್ನು ಸರಿಸಿದರೂ ಕಸಿ ಹೋಯ್ತು.